ಊಟದ ಹೊಗೆ

ನಾನು ಒಂದು ಡೀಸೆಲ್ ಜನರೇಟರ್. ಹೆಸರು ಕೇಳಿದ ಕೂಡಲೇ ಮೂಗು ಮುಚ್ಚಿಕೊಳ್ಳಬೇಡಿ. ಹೊಗೆ ಬಿಟ್ಟಿದ್ದೇನೆ, ಇಲ್ಲವೆನ್ನುವುದಿಲ್ಲ. ಆದರೆ ನಾನು ಗುಡುಗಿದಾಗ ಸಂತೋಷಪಟ್ಟವರೂ ಬಹಳ ಮಂದಿ ಇದ್ದಾರೆ. ಅವರ ಸುದ್ದಿಯನ್ನೂ ಕೇಳಿ, ಆಮೇಲೆ ಬೈಯುವುದಾದರೆ ಬೈಯಿರಿ.

ಪುಣೆಯ ಕಡೆಯ ಒಂದು ಕಾರ್ಖಾನೆಯಲ್ಲಿ ನನ್ನನ್ನು ಮಾಡಿದರು. ಎರಕದ ಕಬ್ಬಿಣದ ಎದೆ, ತಾಮ್ರದ ತಂತಿ ಸುತ್ತಿದ ಹೊಟ್ಟೆ, ಬೆನ್ನ ಮೇಲೆ ಅಗಲವಾದ ಒಂದು ದಪ್ಪ ತಗಡು. ಮೊದಲ ಸಲ ಚಾಲೂ ಮಾಡಿದಾಗ ಇಡೀ ಶೆಡ್ಡು ನಡುಗಿತು. ಮಾಡಿದವರೇ ಹೆದರಿ ಹಿಂದೆ ಸರಿದರು. ಆವತ್ತು ನನಗೆ ಬಂದ ಜಂಬ ಇನ್ನೂ ಪೂರ್ತಿ ಇಳಿದಿಲ್ಲ.

ನನ್ನನ್ನು ಮೊದಲು ಕೊಂಡವರು ಬೈಲಹೊಂಗಲದ ಒಂದು ಚಿತ್ರಮಂದಿರದವರು. ಆಗ ಕರೆಂಟು ಮನಸ್ಸಿಗೆ ಬಂದಾಗ ಬರುತ್ತಿತ್ತು, ಮನಸ್ಸಿಗೆ ಬಂದಾಗ ಹೋಗುತ್ತಿತ್ತು. ನಾಯಕ ಇನ್ನೇನು ಖಳನ ಕೊರಳಪಟ್ಟಿ ಹಿಡಿಯಬೇಕು, ಅಷ್ಟರಲ್ಲಿ ಪರದೆ ಕಪ್ಪಾಗುತ್ತಿತ್ತು. ಒಳಗೆ ಸಿಳ್ಳೆ, ಕೂಗಾಟ, ಕುರ್ಚಿ ಬಡಿಯುವ ಸದ್ದು. ಆಗ ದಾವಲಸಾಬ ಓಡಿ ಬಂದು ನನ್ನ ಮೈ ತಟ್ಟಿ, "ಏಳಪಾ ಮಗನ, ಮಂದಿ ಕುರ್ಚಿ ಮುರಿಯಾಕತ್ಯಾರ" ಅನ್ನುತ್ತಿದ್ದ. ನಾನು ಗುಡುಗುತ್ತಿದ್ದೆ, ಪರದೆ ಬೆಳಗುತ್ತಿತ್ತು, ಮತ್ತೆ ಸಿಳ್ಳೆ. ಆ ಎರಡನೆಯ ಸಿಳ್ಳೆ ನನಗಾಗಿಯೇ ಎಂದು ನಾನು ನಂಬಿದ್ದೆ. ಅದು ನಾಯಕನಿಗೆ ಎಂದು ದಾವಲಸಾಬ ಒಮ್ಮೆಯೂ ಹೇಳಲಿಲ್ಲ, ದೊಡ್ಡ ಮನಸ್ಸು.

ಈ ದಾವಲಸಾಬ ನನ್ನ ಆಪರೇಟರ್. ತೆಳ್ಳಗಿನ ಮೈ, ದಪ್ಪ ಮೀಸೆ, ಹೆಗಲ ಮೇಲೆ ಸದಾ ಎಣ್ಣೆ ಒರೆಸುವ ಬಟ್ಟೆ. ಮಧ್ಯಾಹ್ನ ಅವನ ಬುತ್ತಿ ಡಬ್ಬಿಯನ್ನು ನನ್ನ ಬೆನ್ನ ತಗಡಿನ ಮೇಲೆ ಇಡುತ್ತಿದ್ದ. ತಗಡಿನ ಕೆಳಗೇ ನನ್ನ ಸೈಲೆನ್ಸರ್ ಹಾದುಹೋಗುತ್ತದೆ, ಹಾಗಾಗಿ ಅಲ್ಲಿ ಒಳ್ಳೆಯ ಕಾವು. ಅವನ ಹೆಂಡತಿ ಕಟ್ಟಿದ ಪುಂಡಿಪಲ್ಯ ಆ ಕಾವಿಗೆ ಘಮ್ಮೆನ್ನುತ್ತಿತ್ತು.

ಚಿತ್ರಮಂದಿರ ಮುಚ್ಚಿತು. ಹುಬ್ಬಳ್ಳಿಯಲ್ಲಿ ಟವೆಲ್ ನೇಯುವ ಕಂಪನಿಯ ಮಾಲೀಕ ಗುರುಶಾಂತಪ್ಪ ಮೆಣಸಿನಕಾಯಿಯವರು ನನ್ನನ್ನು ನೋಡಲು ಬಂದರು. ಹೆಸರಿಗೆ ತಕ್ಕ ಮನುಷ್ಯ, ಮೂಗಿನ ತುದಿಯಲ್ಲೇ ಸಿಟ್ಟು. ನನ್ನನ್ನು ಸುತ್ತು ಹಾಕಿ, ಬಡಿದು ನೋಡಿ, "ಸದ್ದು ಭಾಳ ಮಾಡ್ತೈತಿ" ಎಂದರು. ದಾವಲಸಾಬ, "ಸದ್ದು ನಿಮಗ ರೂಢಿ ಆಗತೈತ್ರಿ ಸಾವ್ಕಾರ. ಆದ್ರ ಇದರ ಜೋಡಿ ನಾನೂ ಬರ್ತೇನ್ರಿ. ಬ್ಯಾರೆಯವ್ರ ಕೈಯಾಗ ಇದು ಏಳೂದಿಲ್ಲ" ಎಂದ. ಸಾವ್ಕಾರರು ಅವನನ್ನೂ ನನ್ನನ್ನೂ ಒಂದೇ ಲಾರಿಯಲ್ಲಿ ಕರೆತಂದರು.

ಕಂಪನಿಯಲ್ಲಿ ನನ್ನ ದರ್ಬಾರು ಶುರುವಾಯಿತು. ಕರೆಂಟು ಹೋದರೆ ಮಗ್ಗಗಳೆಲ್ಲ ನನ್ನ ಮುಖ ನೋಡಬೇಕು. ಟವೆಲ್ ಅಂಚು ಹೊಲಿಯುವ ಹೆಂಗಸರು, ಆಫೀಸಿನವರು, ಎಲ್ಲರಿಗೂ ನಾನೇ ದಿಕ್ಕು. ಆಯುಧಪೂಜೆಯ ದಿನ ದಾವಲಸಾಬ ನನ್ನನ್ನು ತೊಳೆದು, ಚೆಂಡುಹೂವಿನ ಮಾಲೆ ಹಾಕಿ, ಸಾವ್ಕಾರರು ಕಾಯಿ ಒಡೆಯುವವರೆಗೂ ಯಾರೂ ಮುಟ್ಟದಂತೆ ಕಾಯುತ್ತಿದ್ದ.

ಆಫೀಸಿನಲ್ಲಿ ಚಹಾ ಮಾಡುವ ನೀಲವ್ವ ಒಂದು ದಿನ ನನ್ನ ಬೆನ್ನ ಮೇಲಿದ್ದ ಡಬ್ಬಿ ನೋಡಿದಳು. ಮುಟ್ಟಿ ನೋಡಿ, "ಅಲ್ಲೋ ಕಾಕಾ, ನೀ ಒಬ್ಬನ ಬಿಸಿ ಉಂತೀಯಲ್ಲ, ನಾವೇನು ಪಾಪ ಮಾಡೀವಿ?" ಎಂದಳು. ಮರುದಿನ ಅವಳ ಡಬ್ಬಿ ಬಂತು. ಅದರ ಹಿಂದೆ ಹೊಲಿಗೆಯವರ ಡಬ್ಬಿಗಳು, ಆಮೇಲೆ ಆಫೀಸಿನವು. ಊಟಕ್ಕೆ ಮುಂಚೆ ನೀಲವ್ವ ಎಲ್ಲವನ್ನೂ ಬುಟ್ಟಿಯಲ್ಲಿ ಹೊತ್ತು ತರುವುದು, ದಾವಲಸಾಬ ಜೋಡಿಸುವುದು, ನಾನು ಬಿಸಿ ಮಾಡುವುದು. ಕರೆಂಟು ಇದ್ದ ದಿನವೂ ದಾವಲಸಾಬ ಅಷ್ಟು ಹೊತ್ತು ನನ್ನನ್ನು ಚಾಲೂ ಮಾಡತೊಡಗಿದ. ಕಂಪನಿಯಲ್ಲಿ ಯಾರಿಗೂ ಇದು ವಿಶೇಷವೆನ್ನಿಸಲಿಲ್ಲ. ಗಂಟೆ ಬಾರಿಸಿದ ಹಾಗೆ, ನಾನು ಗುಡುಗಿದರೆ ಊಟದ ಹೊತ್ತು ಎಂದು ಅರ್ಥ.

ಸಾವ್ಕಾರರ ಮಗಳು ದಾನೇಶ್ವರಿ ಓದು ಮುಗಿಸಿ ಕಂಪನಿಗೆ ಬಂದಳು. ಅದೇ ಹೊತ್ತಿಗೆ ನಮ್ಮ ಟವೆಲ್ ಕೊಳ್ಳುವ ಹೊರದೇಶದ ದೊಡ್ಡ ಗಿರಾಕಿ ಒಂದು ಷರತ್ತು ಹಾಕಿದ. ಕಂಪನಿ ತನ್ನ ಸ್ವಂತ ಕೆಲಸದಿಂದ ಗಾಳಿಗೆ ಬಿಡುವ ಇಂಗಾಲವನ್ನು ವರ್ಷದೊಳಗೆ ಅರ್ಧಕ್ಕೆ ಇಳಿಸಬೇಕು, ಇಲ್ಲವಾದರೆ ಬೇರೆಯವರ ಹತ್ತಿರ ಕೊಳ್ಳುತ್ತೇನೆ ಎಂದ. ಆ ಗಿರಾಕಿ ಹೋದರೆ ಹೊಲಿಗೆ ವಿಭಾಗವನ್ನೇ ಮುಚ್ಚಬೇಕಾಗುತ್ತಿತ್ತು. ಸಾವ್ಕಾರರು ತಲೆಯ ಮೇಲೆ ಕೈ ಹೊತ್ತು ಕೂತರು. ದಾನೇಶ್ವರಿ, "ಇಳಸೋಣ ಅಪ್ಪಾ, ಆಗದ ಮಾತೇನಲ್ಲ. ನನಗ ಬಿಡ್ರಿ" ಎಂದಳು.

ಹುಡುಗಿ ಹೇಳಿದಂತೆ ಮಾಡಿದಳು. ಛಾವಣಿ ತುಂಬ ಸೌರಫಲಕ ಬಂದವು. ವಿದ್ಯುತ್ತು ಕುಡಿಯುವ ಹಳೆಯ ಮೋಟಾರುಗಳು ಹೋದವು. ಸಾಮಾನು ಸಾಗಿಸುವ ವ್ಯಾನು ಬ್ಯಾಟರಿಯದಾಯಿತು. ಕರೆಂಟು ಹೋದರೆ ನೋಡಿಕೊಳ್ಳಲು ಒಂದು ಕೋಣೆ ತುಂಬ ಬ್ಯಾಟರಿಗಳು ಬಂದು ಕೂತವು. ಸದ್ದಿಲ್ಲ, ಗುಡುಗಿಲ್ಲ, ಸಿಳ್ಳೆಯಿಲ್ಲ. ಅವನ್ನು ನೋಡಿ ನನಗೆ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಒಂದು ದಿನ ಅವಳು ಶೆಡ್ಡಿನ ಬಾಗಿಲಲ್ಲಿ ನಿಂತು, "ದಾವಲಸಾಬ ಕಾಕಾ, ಕಂಪನಿ ಕೆಲಸಕ್ಕ ಜನರೇಟರ್ ಈಗ ಎಷ್ಟು ಓಡಸ್ತೀರಿ?" ಎಂದು ಕೇಳಿದಳು.

"ಕಂಪನಿ ಕೆಲಸಕ್ಕ ಓಡಸೂದ ಇಲ್ಲ ಬಿಡ್ರಿ ಅಕ್ಕಾರ" ಎಂದ ದಾವಲಸಾಬ. ಅವಳು ಖುಷಿಯಿಂದ ಹೋದಳು.

ಆದರೆ ಡೀಸೆಲ್ ಖರ್ಚಾಗುತ್ತಲೇ ಇತ್ತು. ಉಳಿದೆಲ್ಲ ಇಳಿದರೂ ಇದೊಂದು ಇಳಿಯದೆ, ಗಿರಾಕಿಗೆ ಕೊಟ್ಟ ಮಾತು ಅಷ್ಟಕ್ಕೇ ತಪ್ಪುವ ಹಾಗಿತ್ತು. ಸಾವ್ಕಾರರು ನನ್ನ ಶೆಡ್ಡಿನ ಹೊರಗೇ ನಿಂತು ಮಗಳಿಗೆ ಹೇಳಿದರು: "ಓಡಸೂದಿಲ್ಲ ಅಂತಾನ, ಡೀಸೆಲ್ ಮಾತ್ರ ಖಾಲಿ ಆಗತೈತಿ. ಮಾರ್ಕೊಳ್ಳಾಕತ್ಯಾನ, ಮತ್ತೇನು? ಕೀಲಿ ಇಸ್ಕೊಂಡು ಮನಿಗೆ ಕಳಸು."

ದಾವಲಸಾಬ ಕಳ್ಳನೇ? ಬಟ್ಟೆಗೆ ಹತ್ತಿದ ಡೀಸೆಲನ್ನೂ ಹಿಂಡಿ ಡಬ್ಬಕ್ಕೆ ಹಾಕುವ ಮನುಷ್ಯ ಅವನು. ಆ ಕ್ಷಣ ನನಗೊಂದು ಬಾಯಿದ್ದಿದ್ದರೆ ಸಾವ್ಕಾರರ ಮಾನ ಕಳೆಯುತ್ತಿದ್ದೆ. ನನಗಿರುವುದು ಗುಡುಗು ಮಾತ್ರ, ಅದರ ಕೀಲಿಯೂ ಬೇರೆಯವರ ಜೇಬಿನಲ್ಲಿ.

"ಕಣ್ಣಾರೆ ನೋಡದ ಯಾರಿಗೂ ಕಳ್ಳ ಅನ್ನಬ್ಯಾಡ್ರಿ ಅಪ್ಪಾ" ಎಂದಳು ದಾನೇಶ್ವರಿ. ಊಟದ ಗುಡುಗು ಅವಳಿಗೂ ದಿನಾ ಕೇಳಿಸುತ್ತಿತ್ತು. ಅದು ಡೀಸೆಲ್ ಕುಡಿಯುವ ಗುಡುಗು ಎಂದು ಅವಳಿಗೆ ಹೊಳೆದದ್ದು ಮಾತ್ರ ಆವತ್ತು.

ಆ ಮಧ್ಯಾಹ್ನ ಬಿಸಿಲು ಚೆನ್ನಾಗಿತ್ತು. ಒಳಗೆ ಮಗ್ಗಗಳು ಸೌರವಿದ್ಯುತ್ತಿನಲ್ಲಿ ಹಾಡುತ್ತಿದ್ದವು. ದಾವಲಸಾಬ ನನ್ನನ್ನು ಎಬ್ಬಿಸಿದ, ನಾನು ಗುಡುಗಿದೆ. ದಾನೇಶ್ವರಿ ದಡದಡನೆ ಬಂದಳು.

"ಕರೆಂಟ್ ಐತಲ್ಲ ಕಾಕಾ, ಇದನ್ಯಾಕ ಚಾಲೂ ಮಾಡೀರಿ?"

"ಊಟದ ಹೊತ್ತಾತಲ್ರಿ ಅಕ್ಕಾರ" ಎಂದ ಅವನು, ಅವಳೇ ಏನೋ ಮರೆತಿದ್ದಾಳೆ ಎಂಬಂತೆ.

ಅವಳು ನನ್ನ ಬೆನ್ನು ನೋಡಿದಳು. ಸಾಲಾಗಿ ಡಬ್ಬಿಗಳು. ನಟ್ಟ ನಡುವೆ, ಒಳ್ಳೆಯ ಕಾವಿರುವ ಜಾಗದಲ್ಲಿ, ಹೂವಿನ ಚಿತ್ರದ ಒಂದು ಉದ್ದ ಡಬ್ಬಿ.

"ಇದು ನನ್ನ ಡಬ್ಬಿ."

"ಹೌದ್ರಿ. ನಿಮಗ ತಣ್ಣನ ಸಾರು ಸೇರೂದಿಲ್ಲಂತ ನೀಲವ್ವ ಹೇಳ್ಯಾಳ. ಅದಕ್ಕ ನಡುವ ಇಡ್ತೇನ್ರಿ."

ದಾನೇಶ್ವರಿಯ ಮುಖ ನೋಡಬೇಕಿತ್ತು. ಮಧ್ಯಾಹ್ನದವರೆಗೂ ಸಾರು ಬಿಸಿಯಾಗಿಡುವ ಡಬ್ಬಿ ಎಂದು ಅದನ್ನು ಆಫೀಸಿನಲ್ಲೆಲ್ಲ ಹೊಗಳಿದ್ದಳು. ಮದುವೆಯಾದ ಗೆಳತಿಗೆ ಅಂಥದ್ದೇ ಒಂದನ್ನು ಉಡುಗೊರೆಯಾಗಿಯೂ ಕೊಟ್ಟಿದ್ದಳು. ಕಂಪನಿಯ ಹೊಗೆಯೆಲ್ಲ ಅಳೆದ ಹುಡುಗಿ ದಿನಾ ಉಂಡದ್ದು ನನ್ನ ಹೊಗೆಯ ಬಿಸಿಯನ್ನು.

"ಮತ್ತ ನಾ ಕೇಳಿದಾಗ ಓಡಸೂದ ಇಲ್ಲ ಅಂದ್ರಿ."

"ಕಂಪನಿ ಕೆಲಸಕ್ಕ ಅಂತ ಕೇಳಿದ್ರಿ ನೀವು. ಇದು ಕಂಪನಿ ಹೊಗಿ ಅಲ್ರಿ. ಊಟದ ಹೊಗಿ."

ಅವಳಿಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಕಣ್ಣು ಒರೆಸಿಕೊಂಡು, "ಗಾಳಿಗೆ ಅದೆಲ್ಲ ಗೊತ್ತಾಗೂದಿಲ್ಲ ಕಾಕಾ" ಎಂದಳು. ಆಮೇಲೆ ಗಿರಾಕಿಯ ಷರತ್ತು, ಹೊಲಿಗೆಯವರ ಗತಿ, ಎಲ್ಲ ಬಿಡಿಸಿ ಹೇಳಿದಳು. ಡೀಸೆಲ್ ಬಗ್ಗೆ ಅಪ್ಪನಿಗೆ ಬಂದ ಅನುಮಾನವನ್ನೂ ಮುಚ್ಚಿಡಲಿಲ್ಲ.

ದಾವಲಸಾಬನ ಮುಖ ಸಣ್ಣದಾಯಿತು. ಅವನು ತಾನೇ ನನ್ನನ್ನು ಬಂದ್ ಮಾಡಿದ. ಕೀಲಿಯನ್ನು ಒರೆಸಿ ಅವಳ ಕೈಯಲ್ಲಿಟ್ಟು, "ಸಾವ್ಕಾರ್ರು ಬೈದಿದ್ರ ಬ್ಯಾಸರ ಇರಲಿಲ್ರಿ. ಕಳ್ಳ ಅಂದ್ರಲ್ಲ" ಎಂದ. ಆವತ್ತು ಎಲ್ಲರೂ ತಣ್ಣನೆಯ ಊಟವನ್ನೇ ಉಂಡರು. ಅವನು ಉಣ್ಣಲೇ ಇಲ್ಲ.

ಮರುದಿನ ಮಧ್ಯಾಹ್ನ ಸಾವ್ಕಾರರು ತಮ್ಮ ಡಬ್ಬಿ ಹಿಡಿದುಕೊಂಡು ಶೆಡ್ಡಿಗೆ ಬಂದರು. ಹತಾರಿನ ಪೆಟ್ಟಿಗೆಯ ಮೇಲೆ ಕೂತು, ಡಬ್ಬಿ ಬಿಚ್ಚಿ, ಒಂದು ರೊಟ್ಟಿಯನ್ನು ದಾವಲಸಾಬನ ಮುಂದಿಟ್ಟರು.

"ತಪ್ಪಾತು ದಾವಲಸಾಬ. ನನ್ನ ನಾಲಿಗಿ ಎಂದಾರ ಹಿಡಿತದಾಗ ಇದ್ದದ್ದು ನೋಡೀಯೇನು?"

ದಾವಲಸಾಬ ರೊಟ್ಟಿ ಮುರಿದ. "ಪಲ್ಯ ಹಾಕ್ರಿ" ಎಂದ. ಸಾವ್ಕಾರರು ಪಲ್ಯ ಹಾಕಿ ತಾವೂ ಒಂದು ತುತ್ತು ತಿಂದು, "ಥಂಡ ಆಗೈತಲೋ ಮಾರಾಯ, ಹೆಂಗ ಉಣ್ಣೂದು ಇದನ್ನ" ಎಂದರು. ಅಲ್ಲಿಗೆ ಇಬ್ಬರ ಮನಸ್ಸೂ ತಿಳಿಯಾಯಿತು.

ಆದರೆ ತಣ್ಣನೆಯ ಊಟಕ್ಕೆ ನೀಲವ್ವ ಸುಮ್ಮನಿರುವವಳಲ್ಲ. "ಹೊಗಿ ಬ್ಯಾಡಂದ್ರ ಬ್ಯಾಡ. ಊಟಾನೂ ಬ್ಯಾಡಂತೀರೇನು?" ಎಂದು ದಾನೇಶ್ವರಿಯ ಮೇಜಿನ ಮೇಲೆ ಎಲ್ಲರ ಡಬ್ಬಿಗಳನ್ನೂ ತಂದಿಟ್ಟಳು. ಆ ಡಬ್ಬಿಗಳ ನಡುವೆ ಕೂತು ದಾನೇಶ್ವರಿ ಯೋಚಿಸಿದಳು. ಛಾವಣಿಯ ಮೇಲೆ ಅಷ್ಟು ಬಿಸಿಲು ಬೀಳುತ್ತದೆ, ಗಾಜು ಮುಚ್ಚಿದ ಪೆಟ್ಟಿಗೆಯಲ್ಲಿ ಕಪ್ಪು ತಗಡು ಹಾಸಿದರೆ ಆಯಿತಲ್ಲ ಎಂದಳು. ಮಳೆ ಮೋಡದ ದಿನಕ್ಕೆ ಬೇಕಾದರೆ ವಿದ್ಯುತ್ತಿನ ಒಂದು ಒಲೆ. ಹೊಸ ತಗಡು ತರಲು ಹೊರಟಾಗ ದಾವಲಸಾಬ ಅಡ್ಡ ನಿಂತ.

"ಹೊಸಾದ್ಯಾಕ್ರಿ? ಇಷ್ಟು ವರ್ಷ ಡಬ್ಬಿ ಹೊತ್ತ ತಗಡು ಇಲ್ಲೇ ಐತಿ. ಹೊಗಿ ಕುಡಿದು ಹೆಂಗ ಕರ್ರಗ ಆಗೈತಿ ನೋಡ್ರಿ."

ಹೀಗೆ ನನ್ನ ಬೆನ್ನ ತಗಡಿನ ನಟ್ಟುಗಳನ್ನು ಅವನೇ ಬಿಚ್ಚಿದ. ನನಗೆ ಅಳು ಬಂತು. ಮೈಮೇಲಿನ ಅಂಗಿ ಕಳಚಿದ ಹಾಗಾಯಿತು. ಬಿಚ್ಚುವಾಗ ಅವನು, "ಸುಮ್ನಿರು ಮಗನ, ಮ್ಯಾಲ ಹೋಗೂದು ಎಲ್ಲಾರಿಗೂ ಸಿಗೂದಿಲ್ಲ" ಎಂದ. ಇಬ್ಬರು ಆ ತಗಡನ್ನು ಹೊತ್ತು ಛಾವಣಿಗೆ ಒಯ್ದು, ಫಲಕಗಳ ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ ಹಾಸಿದರು.

ಮೊದಲ ದಿನ ಇಡೀ ಹೊಲಿಗೆ ವಿಭಾಗ ಮೆಟ್ಟಿಲ ಮೇಲೆ ನಿಂತಿತ್ತು. ಯಾರಿಗೂ ನಂಬಿಕೆಯಿರಲಿಲ್ಲ. ನೀಲವ್ವ ಗಾಜು ಸರಿಸಿ ಡಬ್ಬಿಗೆ ಕೈ ಹಾಕಿದವಳೇ ಬೆರಳನ್ನು ಬಾಯಲ್ಲಿಟ್ಟುಕೊಂಡಳು. "ಅಯ್ಯ ನಮ್ಮವ್ವ, ಸುಟ್ತು!" ಎಂದಳು. ಕೆಳಗಿನ ಶೆಡ್ಡಿಗೆ ಅವರ ನಗು ಕೇಳಿಸಿತು, ಆಮೇಲೆ ಯಾರೋ ಹುಡುಗಿ ಸಿಳ್ಳೆ ಹಾಕಿದಳು. ಬಹಳ ವರ್ಷದ ಮೇಲೆ ನನ್ನ ಪಾಲಿನ ಸಿಳ್ಳೆ.

ವರ್ಷ ಮುಗಿಯಿತು. ಕಂಪನಿಯ ಹೊಗೆ ಗಿರಾಕಿ ಕೇಳಿದ್ದಕ್ಕಿಂತ ಕೆಳಗಿಳಿಯಿತು, ಗಿರಾಕಿ ಉಳಿದ. ಹೊಲಿಗೆ ವಿಭಾಗ ಇನ್ನೂ ಗಲಗಲ ಎನ್ನುತ್ತಿದೆ. ದಾವಲಸಾಬನಿಗೆ ಈಗ ಛಾವಣಿಯ ಕೆಲಸ. ಸೌರಫಲಕ ತೊಳೆಯುತ್ತಾನೆ, ಡಬ್ಬಿ ಕಾಯುತ್ತಾನೆ, ಮೋಡ ಬಂದರೆ "ಇವತ್ತ ಸೂರ್ಯಂದು ಸೂಟಿ" ಎಂದು ನೀಲವ್ವನಿಗೆ ಮೇಲಿನಿಂದಲೇ ಕೂಗುತ್ತಾನೆ.

ನಾನು ಇದೇ ಶೆಡ್ಡಿನ ಮೂಲೆಯಲ್ಲಿದ್ದೇನೆ, ತೀರ ಆಪತ್ತಿಗೆ ಇರಲಿ ಎಂದು. ಆಪತ್ತು ಈಚೆಗೆ ಬರುವುದನ್ನೇ ಬಿಟ್ಟಿದೆ. ಮೊದಮೊದಲು ಇದು ನನಗೆ ಅವಮಾನವೆನ್ನಿಸುತ್ತಿತ್ತು. ಈಗ ಹಾಗಿಲ್ಲ. ಗೋಡೆಯಾಚೆ ಒಂದು ಬೇವಿನ ಮರವಿದೆಯಂತೆ, ನನ್ನ ಹೊಗೆ ಕೊಳವೆಯ ಎದುರಿಗೇ. ಇಷ್ಟು ವರ್ಷ ಅದರ ಒಂದು ಕಡೆ ಎಲೆಯೆಲ್ಲ ಕಪ್ಪಾಗಿತ್ತು. ಈ ಸಲ ಆ ಕಡೆಯೂ ಚಿಗುರಿದೆ ಎಂದು ದಾವಲಸಾಬ ಹೇಳಿದ. ಕೇಳಿ ಸ್ವಲ್ಪ ನಾಚಿಕೆಯಾಯಿತು, ಬಹಳ ಸಂತೋಷವಾಯಿತು.

ಎಲ್ಲರಿಗೂ ಡಬ್ಬಿ ಹಂಚಿದ ಮೇಲೆ ದಾವಲಸಾಬ ತನ್ನದನ್ನು ಹಿಡಿದು ಮೆಟ್ಟಿಲಿಳಿದು ನನ್ನ ಹತ್ತಿರವೇ ಬರುತ್ತಾನೆ. ಕೈ ತೊಳೆಯುವಷ್ಟು ಹೊತ್ತು ಡಬ್ಬಿಯನ್ನು ಹಳೆಯ ರೂಢಿಯಂತೆ ನನ್ನ ಬೆನ್ನ ಮೇಲೆ ಇಡುತ್ತಾನೆ. ತಗಡಿಲ್ಲದ ಬರಿಯ ಬೆನ್ನು ತಣ್ಣಗಿರುತ್ತದೆ. ಡಬ್ಬಿ ಬಿಸಿಯಾಗಿರುತ್ತದೆ. ಇಷ್ಟು ವರ್ಷ ನಾನು ಅವನ ಡಬ್ಬಿಯನ್ನು ಬಿಸಿ ಮಾಡಿದೆ, ಈಗ ದಿನಾ ಸ್ವಲ್ಪ ಹೊತ್ತು ಅವನ ಡಬ್ಬಿ ನನ್ನನ್ನು ಬಿಸಿ ಮಾಡುತ್ತದೆ.