ಪಡಸಾಲೆಯ ಸೂಜಿ

ಕಥೆಯೊಳಗಿನ ರಾಕ್ಷಸನ ಪ್ರಾಣ ಏಳು ಹೊಳೆಯಾಚೆ ಗಿಳಿಯ ಹೊಟ್ಟೆಯಲ್ಲಿ ಅಡಗಿರುತ್ತದಂತೆ. ಹಿರೇವಡ್ಡಟ್ಟಿಯ ಅಮೃತವ್ವನ ಪ್ರಾಣ ಅಷ್ಟು ದೂರವೇನೂ ಇರಲಿಲ್ಲ, ಅವಳ ಬಲ ಹೆಗಲಿನಲ್ಲೇ ಇತ್ತು. ಆ ಕೈ ಬಡಿದ ಜೋಳದ ರೊಟ್ಟಿ ಮುಂಡರಗಿಯ ಖಾನಾವಳಿಗಳಿಗೆ ಹೋಗುತ್ತಿತ್ತು, ಅದರಿಂದಲೇ ಮನೆ ನಡೆಯುತ್ತಿತ್ತು.

ಹೋದ ವರ್ಷ ಬೀದಿನಾಯಿ ಕಾಲಿಗೆ ಬಾಯಿ ಹಾಕಿತು. ಖಾಸಗಿ ದವಾಖಾನೆಯೊಂದರಲ್ಲಿ ದುಡ್ಡು ಕೊಟ್ಟು ಚುಚ್ಚುಮದ್ದು ಹಾಕಿಸಿಕೊಂಡಳು. ಕಾಲು ಮಾಯಿತು, ಸೂಜಿ ಇಳಿದ ಬಲ ಹೆಗಲು ಮಾತ್ರ ಹಿಡಿದದ್ದು ಬಿಡಲಿಲ್ಲ, ರೊಟ್ಟಿ ನಿಂತಿತು. ಸೂಜಿ ತೋಳಿನ ಮಾಂಸಕ್ಕೆ ಬೀಳದೆ ಮೇಲಕ್ಕೆ, ಕೀಲಿಗೆ ತಾಗಿದೆ ಎಂದು ಗದಗಿನ ಎಲುಬಿನ ಡಾಕ್ಟರು ಬರೆದುಕೊಟ್ಟರು.

"ನಾಯಿ ಕಡದದ್ದು ಕಾಲು, ಹ್ವಾದದ್ದು ಹೆಗಲು," ಎಂದು ಓಣಿ ನಕ್ಕಿತು. ಅಮೃತವ್ವ ನಗಲಿಲ್ಲ. ಪರಿಹಾರ ಕೇಳಿ ಗದಗಿನ ಗ್ರಾಹಕರ ಆಯೋಗದ ಮೆಟ್ಟಿಲು ಹತ್ತಿದಳು.

ಇವತ್ತು ಎದುರಿನ ವಕೀಲರು ಅವಳನ್ನು ಪ್ರಶ್ನೆ ಮಾಡುವ ದಿನ. ಅವಳ ಕಡೆಯ ವಕೀಲ ನಂದೀಶ ಬಾಗಿಲ ಬಳಿ ದನಿ ತಗ್ಗಿಸಿದ.

"ಯವ್ವಾ, ಕುಪ್ಪಸದ ತೋಳು ಬಿಚ್ಚು ಅಂತ ನರ್ಸ್ ಹೇಳಿದ್ಲೇನು ಅಂತ ಕೇಳ್ತಾರ. ನೆನಪಿಲ್ಲ ಅಂದ್ಬಿಡ್ರಿ. ಹೂಂ ಅಂದ್ರ ಕೇಸ್ ಕೈ ಬಿಡತೈತಿ."

"ಹೇಳಿದ್ಲಲ್ಲಪಾ."

"ಅದಕ್ಕ ಹೇಳಾಕತ್ತೇನಿ, ನೆನಪಿಲ್ಲ ಅನ್ರಿ."

ಸೊಸೆ ಅನ್ನಪೂರ್ಣ ಅತ್ತೆಯ ಸೆರಗು ಸರಿಮಾಡಿದಳು. ಬೆಳಿಗ್ಗೆ ಖಣದ ಕುಪ್ಪಸ ತೊಡಿಸಿ, ಮುಂದಿನ ಗಂಟು ಹಾಕಿದವಳೂ ಅವಳೇ. ತನ್ನ ಕುಪ್ಪಸ ತಾನು ಕಟ್ಟಿಕೊಳ್ಳಲಾರದ ಹೆಂಗಸು ಸುಳ್ಳನ್ನು ಹೇಗೆ ಕಟ್ಟಿಯಾಳು ಎಂದು ಅಮೃತವ್ವನಿಗೇ ಅನಿಸಿತು.

ಒಳಗೆ ಫ್ಯಾನಿನ ಕಿರ್‍ಗುಡುವಿಕೆ ಬಿಟ್ಟರೆ ಸದ್ದಿಲ್ಲ. ದವಾಖಾನೆಯ ವಕೀಲರು ನೇರವಾಗಿ ಆ ಪ್ರಶ್ನೆಗೇ ಬಂದರು.

"ತೋಳು ಪೂರ್ತಿ ಬಿಚ್ಚಿ ಅಂತ ನರ್ಸ್ ಹೇಳಿದ್ದರೋ ಇಲ್ಲವೋ?"

ನಂದೀಶ ಪೆನ್ನು ಬಿಗಿಯಾಗಿ ಹಿಡಿದ. ಅಮೃತವ್ವ ಅವನತ್ತ ನೋಡಿದಳು. ನೆನಪಿಲ್ಲ ಎನ್ನುವುದೊಂದೇ ಮಾತು. ಆದರೆ ನೆನಪು ಹೆಗಲೊಳಗೇ ಕೂತು ಚುಚ್ಚುತ್ತಿತ್ತು.

"ಹೇಳಿದ್ರುರೀ."

"ನೀವು ಬಿಚ್ಚಿದಿರಾ?"

"ಇಲ್ರಿ."

"ಅಂದಮೇಲೆ ತಪ್ಪು ನಿಮ್ಮದೇ ಆಯಿತು." ವಕೀಲರು ಕೂರಲು ಹೊರಟರು.

"ನಿಂದರ್ರಿ ಸಾಹೇಬ್ರ, ನಂದಿನ್ನೂ ಮುಗದಿಲ್ಲ. ಕುಪ್ಪಸದ ಗಂಟು ಎದಿ ಮ್ಯಾಲ ಇರತೈತಿ. ಬಿಚ್ಚಿದ್ರ ತೋಳೊಂದ ಹೊರಗ ಬರೂದಿಲ್ಲ. ಪಡಸಾಲ್ಯಾಗ ಕುರ್ಚಿ ಹಾಕಿದ್ರು, ಎದುರಿಗೆ ಗಂಡಸರ ಪಾಳಿ. ಪರದಿ ಎಲ್ಲೈತವಾ ಅಂದೆ. 'ಈ ವಯಸ್ಸಿನಾಗ ನಿನ್ನ ಯಾರ್ ನೋಡ್ತಾರ ಆಯಿ' ಅಂತ ಕುತಿಗಿ ಕಡಿಂದ ಕುಪ್ಪಸ ಜಗ್ಗಿ, ಮ್ಯಾಲ ಚುಚ್ಚಿಬಿಟ್ರು."

ಪೀಠದಲ್ಲಿದ್ದ ಮಹಿಳಾ ಸದಸ್ಯರು ಕನ್ನಡಕ ತೆಗೆದರು. "ವಕೀಲರೇ, ಪರದೆ ಇತ್ತೇ?"

"ಮೇಡಂ, ಅದು ಪಡಸಾಲೆ. ಒಂದು ಸೂಜಿಗೆ ಪರದೆ ಯಾಕೆ..." ಎಂದವರು ಅಷ್ಟಕ್ಕೇ ನಿಂತರು. ಹಿಂದಿನ ಬೆಂಚಿನ ದವಾಖಾನೆಯ ಡಾಕ್ಟರು ತಲೆ ತಗ್ಗಿಸಿದರು.

"ತೋಳು ಸರಿಯಾಗಿ ಕಾಣದಿದ್ದರೆ ಸೂಜಿ ಹಾಕಬಾರದಿತ್ತು. ಒಳಗಿನ ಕೋಣೆಗೆ ಕರೆದೊಯ್ಯಬಹುದಿತ್ತು," ಎಂದರು ಸದಸ್ಯರು.

ಊಟದ ಬಿಡುವಿನಲ್ಲಿ ಅದೇ ವಕೀಲರು ನಂದೀಶನ ಹತ್ತಿರ ಬಂದರು. "ಕೇಳಿದಷ್ಟು ಪರಿಹಾರ ಡಾಕ್ಟರು ಕೊಡ್ತಾರ. ಇಲ್ಲೇ ಹೊರಗ ಮುಗಿಸಿಬಿಡೂಣು."

ನಂದೀಶ ಅಮೃತವ್ವನ ಮುಖ ನೋಡಿದ. ಈಗ ಹೇಳಿಕೊಡುವ ಧೈರ್ಯ ಅವನಿಗಿರಲಿಲ್ಲ.

"ಹೊರಗ ಬ್ಯಾಡ್ರಿ. ಒಳಗ, ಆ ಕನ್ನಡಕದ ಅವ್ವಾರ ಮುಂದ ಬರದು ಕೊಡ್ರಿ. ಅದರಾಗ ಪರದಿ ಹಾಕ್ತೇವಿ ಅಂತನೂ ಬರೀರಿ. ನಾಳೆ ಇನ್ನೊಬ್ಬಾಕಿ ಆ ಕುರ್ಚಿ ಮ್ಯಾಲ ಕುಂಡ್ರತಾಳ."

ವಕೀಲರು ಡಾಕ್ಟರ ಕಡೆ ತಿರುಗಿದರು. ಡಾಕ್ಟರು ಚಪ್ಪಲಿ ನೋಡಿಕೊಂಡೇ ಆತು ಎಂದರು.

ಇಳಿಹೊತ್ತಿಗೆ ಸಹಿ ಬಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಗಾಳಿಗೆ ಕೂದಲು ಮುಖಕ್ಕೆ ಬಂದಾಗ ಅಮೃತವ್ವ ಮರೆತು ಬಲಗೈ ಎತ್ತಿದಳು. ಕೈ ಎದೆಯ ಮಟ್ಟಕ್ಕೆ ನಿಂತಿತು. ಅನ್ನಪೂರ್ಣ ಕೂದಲನ್ನು ಕಿವಿಯ ಹಿಂದೆ ಸೇರಿಸಿದಳು.

"ಆ ನಾಯಿಗೂ ಒಂದ್ ಕೇಸ್ ಹಾಕೂಣೇನ್ರೀ ಅತ್ತಿ?"

"ಬ್ಯಾಡ ಬಿಡು. ಅದು ಕಡಿಯೂಕಿಂತ ಮೊದ್ಲ ಬೊಗಳಿತ್ತು."