ಮಾಯಮ್ಮನ ಪಿನ್ನು

ಕಟ್ಟಿಸಿದ ಹಲ್ಲಿನ ಸುತ್ತ ರಕ್ತ ಬರುತ್ತಿದೆಯೆಂದು ಹಾಸನಕ್ಕೆ ಬಂದಿದ್ದ ಗುಂಡಯ್ಯ, ಹಲ್ಲುಸಂದಿಯನ್ನು ಯಾತರಲ್ಲಿ ಕ್ಲೀನ್ ಮಾಡುತ್ತೀರೆಂದು ಡಾಕ್ಟರು ಕೇಳಿದ ಕೂಡಲೇ ಕಿಸೆಯಿಂದ ಸೇಫ್ಟಿ ಪಿನ್ನು ತೆಗೆದು ತೋರಿಸಿದ.

"ಇದ್ರಲ್ಲಾ ಕ್ಲೀನ್ ಮಾಡ್ತಿದ್ದಿದ್ದು?" ಡಾಕ್ಟರ್ ರೂಪಶ್ರೀ ಬೆಚ್ಚಿದರು.

"ದಿನಾ ಮಾಡ್ತೀನಿ ಮೇಡಮ್ಮೋರೆ. ಒಂದಿನಾನೂ ಬಿಟ್ಟಿಲ್ಲ," ಎಂದ, ಭೇಷ್ ಅನ್ನಿಸಿಕೊಳ್ಳುವ ಆಸೆಯಲ್ಲಿ.

ಅರಕಲಗೂಡಿನ ತಾಲ್ಲೂಕು ಆಫೀಸಿನಲ್ಲಿ ಅಟೆಂಡರಾಗಿದ್ದವನು ಅವನು. ಮುಂದಿನ ಹಲ್ಲು ಬಿದ್ದಾಗ, ಫೈಲು ಹೊರಲು ಹಲ್ಲೇಕೆ ಎಂದು ಸುಮ್ಮನಿದ್ದ. ಹೆಂಡತಿ ಮಾಯಮ್ಮ ಬಿಡಲಿಲ್ಲ. "ನೀನು ನಕ್ರೆ ಬಾಗ್ಲು ತಗ್ದಂಗೆ ಕಾಣ್ತದೆ, ಕಟ್ಟುಸ್ಕೋ," ಎಂದು ಹಠ ಹಿಡಿದು, ಮೂಳೆಗೆ ತಿರುಪು ಕೂರಿಸಿ ಕಟ್ಟುವ ಇಂಪ್ಲಾಂಟ್ ಹಲ್ಲನ್ನೇ ಹಾಕಿಸಿದಳು. ವರ್ಷ ತುಂಬುವ ಮೊದಲೇ ತಾನು ಹೋಗಿಬಿಟ್ಟಳು.

ಬದುಕಿದ್ದಾಗ ಅವಳು ಭಾನುವಾರದ ಬಾಡೂಟವಾದ ಮೇಲೆ ಅವನನ್ನು ಹೊಸ್ತಿಲ ಬೆಳಕಿಗೆ ಕೂರಿಸಿ, ಬಳೆಗೆ ಸಿಕ್ಕಿಸಿಕೊಂಡಿದ್ದ ಈ ಪಿನ್ನು ಬಿಚ್ಚಿ, "ಆ ಅನ್ನು" ಎಂದು ಹಲ್ಲುಸಂದಿನ ನಾರು ತೆಗೆಯುತ್ತಿದ್ದಳು. ತೆಗೆದದ್ದನ್ನು ಕಣ್ಣ ಮುಂದೆ ಹಿಡಿದು, "ನೋಡು, ಇಡೀ ಮೇಕೆನೇ ಮಡೀಕಂಡಿದ್ದೀಯ!" ಎಂದು ನಗುವಳು. ಈಗ ಪಿನ್ನು ಬಾಯಿಗಿಟ್ಟಾಗ ಮಾತ್ರ ಅವಳು ಪಕ್ಕದಲ್ಲಿ ಕೂತಂತೆ ಅನಿಸುತ್ತಿತ್ತು. ನಾರು ಇರಲಿ ಬಿಡಲಿ, ಕೆದಕುತ್ತಲೇ ಇದ್ದ.

"ಪಿನ್ನಿಂದ ತಿರುಪಿಗೆ ಗೀರು ಬಿದ್ದು, ಅದ್ರಲ್ಲಿ ಕೊಳೆ ಕೂತು ವಸಡು ಬಾತಿದೆ," ಎಂದರು ಡಾಕ್ಟರು. " ಹಿಂಗೇ ಮಾಡಿದ್ರೆ ಹಲ್ಲೇ ಹೋಗುತ್ತೆ."

ಗುಂಡಯ್ಯ ಕೈಯಲ್ಲಿದ್ದ ಪಿನ್ನನ್ನು ನೋಡಿದ. ಹಲ್ಲೂ ಅವಳದೇ, ಪಿನ್ನೂ ಅವಳದೇ.

ರೂಪಶ್ರೀ ಉಕ್ಕಿನ ಸಲಕರಣೆಗಳನ್ನು ಪಕ್ಕಕ್ಕೆ ಸರಿಸಿ, ಗೀರದ ಪ್ಲಾಸ್ಟಿಕ್ ತುದಿಯದೊಂದನ್ನು ಆರಿಸಿಕೊಂಡರು. "ಆ ಅನ್ನಿ."

ಎರಡು ವರ್ಷದಿಂದ ಯಾರೂ ಅವನಿಗೆ ಹಾಗೆಂದಿರಲಿಲ್ಲ. ಬಾಯಿ ತೆರೆದ. ಕಣ್ಣು ತುಂಬಿತು.

"ನೋಯ್ತಾ?"

"ಇಲ್ಲ ಮೇಡಮ್ಮೋರೆ. ನೀವು ಮಾಡಿ."

ಆಮೇಲೆ ಮನೆಯಲ್ಲಿ ಬಳಸಲೆಂದು ಮೂರು ಪುಟ್ಟ ಬ್ರಷ್ಷುಗಳನ್ನು ಹಲ್ಲುಸಂದಿಗೆ ತೂರಿಸಿ ನೋಡಿದರು. ಒಂದು ಸಡಿಲವಾಯಿತು, ಒಂದು ಹೋಗಲೇ ಇಲ್ಲ, ನಡುವಿನದು ಸರಿಹೋಯಿತು. "ಇದ್ರ ತಂತಿಗೂ ಪ್ಲಾಸ್ಟಿಕ್ ಹೊದಿಸಿದೆ. ಇನ್ಮೇಲೆ ಇದೇ."

"ಪಿನ್ನು?"

"ಬಾಯಿಗೆ ಮಾತ್ರ ಬೇಡ."

ಪಿನ್ನನ್ನು ಅಂಗಿಯ ಒಳಮಗ್ಗುಲಿಗೆ ಸಿಕ್ಕಿಸಿಕೊಂಡು ಗುಂಡಯ್ಯ ಬಸ್ಸು ಹತ್ತಿದ.

ಭಾನುವಾರ ಬಾಡು ತಂದು ತಾನೇ ಸಾರು ಮಾಡಿದ. ಉಂಡು ಹೊಸ್ತಿಲಲ್ಲಿ ಕೂತಾಗ ಕೈ ತಾನಾಗಿ ಅಂಗಿಯೊಳಕ್ಕೆ ಹೋಯಿತು. ಪಿನ್ನನ್ನು ಮುಟ್ಟಿ ನೋಡಿ ಬಿಟ್ಟ. ಬ್ರಷ್ಷು ಹಿಡಿದು, "ಆ ಅನ್ನು," ಎಂದು ತನಗೆ ತಾನೇ ಹೇಳಿಕೊಂಡು ಬಾಯಿ ತೆರೆದ. ಎರಡೇ ಸಲಕ್ಕೆ ನಾರು ಬಂತು. ಅದನ್ನು ಪಕ್ಕದ ಖಾಲಿ ಜಾಗದತ್ತ ಹಿಡಿದ.

"ನೋಡಮ್ಮಿ, ಇಡೀ ಮೇಕೆನೇ ಸಿಕ್ತು."

ಅವಳು ನಗುವಷ್ಟು ಹೊತ್ತು ಹಾಗೆಯೇ ಹಿಡಿದುಕೊಂಡಿದ್ದ.