ಗುಣವತಿಯ ಕೈ ನಿಂತ ಕಂತು

ಆ ಭಾನುವಾರ ಮೋಕ್ಷಾ ಮಾನ ಉಳಿಸಿಕೊಳ್ಳಲೇಬೇಕಿತ್ತು. ಎರಡು ಸಾವಿರದ ಆರನೇ ಇಸವಿಯ ಮಾತು. ಮಣಿಪಾಲದಲ್ಲಿ ರೇಮಂಡನ ಮನೆಯ ಟೀವಿ ಮುಂದೆ ಕಾಲೇಜಿನ ಎಂಟು ಜನ ವಾರಕ್ಕೊಮ್ಮೆ ಸೇರಿ ಜಪಾನಿನ ಆನಿಮೆ ಕಾರ್ಟೂನು ನೋಡುತ್ತಿದ್ದರು. ಆರಿಸಿ ತರುವುದು ಸರದಿಯ ಮೇಲೆ. ಮೂರು ಸಲ ಚಪ್ಪೆ ಸರಣಿ ತಂದವರಿಗೆ ಆಮೇಲೆ ಆರಿಸುವ ಹಕ್ಕಿಲ್ಲ. ಮೋಕ್ಷಾಳದು ಎರಡು ಆಗಿಹೋಗಿತ್ತು. ಮೊದಲನೆಯದರಲ್ಲಿ ಯೋಧರಿಬ್ಬರು ಒಂದು ಗುದ್ದು ಕೊಡುವ ಮೊದಲು ನಾಲ್ಕು ಕಂತು ಬರೀ ಬೊಬ್ಬೆ ಹೊಡೆದಿದ್ದರು. ಎರಡನೆಯದಕ್ಕೆ ರೇಮಂಡನ ನಾಯಿಯೂ ಎದ್ದು ಹೊರಗೆ ಹೋಗಿತ್ತು.

ಇರುವುದು ರಾಶಿ, ನೋಡುವಂಥದ್ದು ಬೆರಳೆಣಿಕೆ. ಹೆಕ್ಕುವುದು ಹೇಗೆ ಮಾರಾಯರೆ? ಹಾಸ್ಟೆಲಿನ ಹುಡುಗಿಯರಿಂದ ಬೇಡಿ ತಂದ ಇಪ್ಪತ್ತು ಸೀಡಿ ಹಿಡಿದು ಅವಳು ಕಾಪುವಿನ ಮನೆಯಲ್ಲಿ, ಅಪ್ಪ ಮಸ್ಕತ್‌ನಿಂದ ಬಂದಾಗ ಕೊಡಿಸಿದ ಕಂಪ್ಯೂಟರಿನ ಮುಂದೆ ಕೂತಳು. ಹಿಂದೆ ಅಮ್ಮ ಗುಣವತಿ ಬೀಡಿ ಕಟ್ಟುತ್ತಿದ್ದರು. ಅವರ ಕಣ್ಣು ಪರದೆಯ ಮೇಲಿದ್ದರೂ ಕೈ ನಿಲ್ಲುತ್ತಿರಲಿಲ್ಲ. ಮೂವತ್ತು ವರ್ಷದ ಅಭ್ಯಾಸ. ಶಾಲೆ ಹುಡುಗಿಯರು ಜಗಳವಾಡಿದರು, ಕೈ ಓಡುತ್ತಿತ್ತು. ಲೋಕವೇ ಸಿಡಿದು ಚೂರಾಯಿತು, ಆಗಲೂ ಎಲೆ ಸುರುಳಿ, ನೂಲು ಸುತ್ತು.

ಹದಿನಾಲ್ಕನೆಯ ಸೀಡಿಯಲ್ಲಿ ದೋಣಿ ನಡೆಸುವ ಒಬ್ಬ ಮುದುಕಿ. ದಿನಾ ಒಂದು ನರಿ ಅವಳ ದೋಣಿ ಹತ್ತಿ ಬಾಡಿಗೆ ಕೊಡದೆ ಇಳಿದುಹೋಗುತ್ತದೆ. ಮೋಕ್ಷಾ ತಿರುಗಿ ನೋಡಿದರೆ ಅಮ್ಮನ ಕೈ ಅರ್ಧ ಸುತ್ತಿದ ಎಲೆಯ ಮೇಲೆ ನಿಂತಿತ್ತು! ಅಮ್ಮನಿಗೆ ಜಪಾನಿ ಬಾರದು, ಕೆಳಗೆ ಬರುವ ಇಂಗ್ಲಿಷ್ ಸಾಲು ಓದಲೂ ಬಾರದು. ಆದರೂ ಎಂಟು ಕಂತು ಮುಗಿಯುವವರೆಗೆ ಒಂದೂ ಬೀಡಿ ಕಟ್ಟಲಿಲ್ಲ. ಮೋಕ್ಷಾಳಿಗೆ ಕುಣಿಯುವಷ್ಟು ಖುಷಿ. ಬೇಡಿ ತಂದದ್ದನ್ನು ಮರಳಿಸಬೇಕಿದ್ದುದರಿಂದ ಗಡಿಬಿಡಿಯಲ್ಲಿ ಇನ್ನೊಂದು ಸೀಡಿಗೆ ಇಳಿಸಿಕೊಂಡಳು. ದೊಡ್ಡ ಟೀವಿಯಲ್ಲಿ ಮತ್ತೊಮ್ಮೆ ನೋಡಬೇಕೆಂದು ಗುಣವತಿಯೂ ಮದುವೆಗೆ ಉಡುವ ಸೀರೆ ಉಟ್ಟು ಬಸ್ಸು ಹತ್ತಿದರು.

ಮಣಿಪಾಲದಲ್ಲಿ ಚಿತ್ರ ಶುರುವಾಯಿತು, ಇಂಗ್ಲಿಷ್ ಸಾಲು ಬರಲೇ ಇಲ್ಲ. ಸಾಲುಗಳದ್ದು ಬೇರೆಯೇ ಫೈಲು; ಈ ಪುಣ್ಯಾತ್ಗಿತ್ತಿ ಅದನ್ನು ಇಳಿಸುವುದನ್ನೇ ಮರೆತಿದ್ದಳು. ಮೂರನೆಯದೂ ಆಯಿತಲ್ವಾ ಎಂದು ರೇಮಂಡ್ ನಕ್ಕ. ಮೋಕ್ಷಾಳ ಕಣ್ಣು ತುಂಬಿತು.

"ಅಕ್ಷರ ಎಂತಕ್ಕೆ?" ಎಂದರು ಗುಣವತಿ. "ಮುದುಕಿ ಬಾಡಿಗೆ ಕೇಳುವುದು ದುಡ್ಡಿಗೆ ಅಲ್ಲ ಮಾರಾಯ. ಸಾಲ ತೀರಿದರೆ ನರಿ ನಾಳೆಯಿಂದ ಬರುವುದಿಲ್ಲ ಅಂತ ಅವಳಿಗೆ ಹೆದರಿಕೆ ಉಂಟು. ಅದಕ್ಕೇ ಜೋರಾಗಿ ಕೇಳುತ್ತಾಳೆ, ಕೈ ಮಾತ್ರ ಚಾಚುವುದಿಲ್ಲ. ನೋಡು."

ಎಲ್ಲರೂ ನೋಡಿದರು. ಹೌದು, ಕೈ ಚಾಚಿರಲಿಲ್ಲ. ಮನೆಯಲ್ಲಿ ಇಂಗ್ಲಿಷ್ ಸಾಲು ಓದುತ್ತಾ ಕೂತಿದ್ದ ಮೋಕ್ಷಾ ಇದನ್ನು ಕಂಡೇ ಇರಲಿಲ್ಲ. ಅಲ್ಲಿಂದ ಗುಣವತಿ ಮುದುಕಿಯ ಮಾತಿಗೆ ಒಂದು ಸ್ವರ, ನರಿಗೆ ಇನ್ನೊಂದು ಸ್ವರ ಕೊಟ್ಟು ಹೇಳುತ್ತಾ ಹೋದರು. ನಗು ತಡೆಯಲಾರದೆ ಇಬ್ಬರು ಸೋಫಾದಿಂದ ಜಾರಿದರು. ರೇಮಂಡನ ತಾಯಿ ಇಮೆಲ್ಡಾ ಒಲೆ ಆರಿಸಿ ಬಂದು ಕೂತರು.

ಎಂಟನೆಯ ಕಂತಿನಲ್ಲಿ ನರಿ ಬರಲಿಲ್ಲ. ಮುದುಕಿ ಖಾಲಿ ದೋಣಿಯಲ್ಲಿ ಕಾಯುತ್ತಾ ಕೂತಳು. ಗುಣವತಿ ಹೇಳಲು ಬಾಯಿ ತೆರೆದವರು ಸೆರಗು ಬಾಯಿಗೆ ಒತ್ತಿಕೊಂಡರು. ಎಂಟು ಜನವೂ ನಾಚಿಕೆಯಿಲ್ಲದೆ ಮೂಗು ಒರೆಸಿಕೊಂಡರು.

ಕೊನೆಗೆ ರೇಮಂಡ್ ಸೀಡಿ ಹೊರತೆಗೆದು ಮೋಕ್ಷಾಳ ಕೈಗಿಟ್ಟ. "ಮುಂದಿನ ವಾರವೂ ನೀನೇ ಆರಿಸು ಮೋಕ್ಷಾ," ಎಂದ. "ಆ ಅಕ್ಷರದ ಫೈಲು ಮಾತ್ರ ತರಬೇಡ."